ಮೂರನೆಯ ಸೋಲಿಗೆ ನೀಲಿ ಚೀಟಿ

ಬುಧವಾರ ಬೆಳಗಿನ ಐದೂವರೆ. ಉತ್ತರದ ಹಿಮನಾಡಿನ ಊರು ವಾರ್ಕೌಸ್‌ನಲ್ಲಿ ಈ ನವೆಂಬರಿನಲ್ಲಿ ಸೂರ್ಯ ಹುಟ್ಟಲು ಇನ್ನೂ ಮೂರು ಗಂಟೆಯಿದೆ. ಔನೆ ಟೀಹೋನೆನ್ ನಲವತ್ತಾರು ಮೆಟ್ಟಿಲಿಳಿದು ಬಂದು, ಕಬ್ಬಿಣದ ದಪ್ಪ ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತಾರೆ. ಒಳಗೆ ಸದ್ದಿಲ್ಲವೆಂದು ಖಾತ್ರಿಯಾದ ಮೇಲೆಯೇ ಬೀಗ ತೆಗೆಯುತ್ತಾರೆ.

ಬಾಂಬು ಬಿದ್ದರೆ ಊರವರು ಅಡಗಿಕೊಳ್ಳಲೆಂದು ಬಂಡೆಯ ಹೊಟ್ಟೆಯಲ್ಲಿ ಕೊರೆದ ಜಾಗವಿದು. ಬಾಂಬು ಬೀಳಲಿಲ್ಲ, ಗರಡಿಯಾಯಿತು. ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿರುವಾಗಲೇ ಔನೆ ನೇರವಾಗಿ ಕೊನೆಯ ಬೆಂಚಿನ ಬಳಿ ಹೋಗುತ್ತಾರೆ. ಅಲ್ಲಿ ಬಾರಿಗೆ, ಅಂದರೆ ಭಾರ ಎತ್ತುವ ಕಬ್ಬಿಣದ ಸರಳಿಗೆ, ಪ್ಲೇಟುಗಳನ್ನು ಏರಿಸಿಟ್ಟಿದೆ. ಎರಡೂ ಕಡೆ ಇಪ್ಪತ್ತೈದು, ಹತ್ತು, ಒಂದೂಕಾಲು. ಬಾರಿನ ಇಪ್ಪತ್ತು ಸೇರಿ ತೊಂಬತ್ತೆರಡೂವರೆ ಕಿಲೋ.

"ಮತ್ತೆ ಅಷ್ಟೇ" ಎನ್ನುತ್ತಾ, ಮಗುವಿಗೆ ಜ್ವರ ನೋಡುವ ಹಾಗೆ ಹಿಂಗೈಯಿಂದ ಬಾರನ್ನು ಮುಟ್ಟುತ್ತಾರೆ. "ಮುಟ್ಟಿ ನೋಡಿ."

ಇವರ ಕೆಲಸದ ಬಗ್ಗೆ ಬರೆಯಲು ಬಂದಿರುವ ನಾನು ಮುಟ್ಟುತ್ತೇನೆ. ಇಲ್ಲಿಯ ಕಬ್ಬಿಣ ಚಳಿಗೆ ಬೆರಳು ಕಚ್ಚುತ್ತದೆ. ಈ ಬಾರೂ ಹಾಗೆಯೇ ಇದೆ, ಎರಡು ಕಡೆ ಬಿಟ್ಟು. ಮಲಗಿ ಎತ್ತುವವರು ಬಲಗೈ, ಎಡಗೈ ಹಿಡಿಯುವ ಆ ಎರಡು ಜಾಗ ಬೆಚ್ಚಗಿದೆ. ನನ್ನ ಕೈಯದೇ ಬಿಸಿಯೇನೋ ಎಂದು ಕೈಗವಸು ತೊಟ್ಟು, ಬಿಚ್ಚಿ, ಮತ್ತೊಮ್ಮೆ ನೋಡಿದ್ದೇನೆ.

ಅರವತ್ತಮೂರು ವರ್ಷದ ಹೆಂಗಸು ಔನೆ ಒಂದು ದಿನವೂ ಬಾರ್ಬೆಲ್ ಎತ್ತಿದವರಲ್ಲ. ಕಾಗದದ ಕಾರ್ಖಾನೆಯ ಊಟದ ಮನೆಯಲ್ಲಿದ್ದರು. ಅದು ಮುಚ್ಚಿದ ಮೇಲೆ ಹತ್ತೊಂಬತ್ತು ವರ್ಷದಿಂದ ಇಲ್ಲಿ ನೆಲ ಒರೆಸುತ್ತಾರೆ, ದಿನಕ್ಕೆ ಹದಿನಾಲ್ಕು ಬಾರುಗಳನ್ನು ಬ್ರಷ್‌ನಿಂದ ಉಜ್ಜುತ್ತಾರೆ, ಎರಡು ಕೆಟಲ್ ಕಾಫಿ ಮಾಡುತ್ತಾರೆ. ಅದಕ್ಕಿಂತ ಮುಖ್ಯವಾದ ಕೆಲಸ ಒಂದು ತಗಡಿನ ಡಬ್ಬಿಯಲ್ಲಿದೆ. ಯಾವ ದಿನ ಎಷ್ಟು ಭಾರ ಎತ್ತಬೇಕೆಂದು ಬರೆದ ಚೀಟಿಗಳು, ಹೊಸಬರ ಬಿಳಿ, ಪಳಗಿದವರ ನೀಲಿ, ಎರಡೂ ಅದರಲ್ಲಿವೆ. ಭಾರ ಎತ್ತುವವರು ತಮ್ಮ ಚೀಟಿಯನ್ನು ತಾವೇ ಬದಲಿಸುವುದಿಲ್ಲ ಎಂದು ಗರಡಿ ನಡೆಸುವ ಸಂಘದವರು ಡಬ್ಬಿಯನ್ನು ಇವರ ಕೈಗೆ ಕೊಟ್ಟಿದ್ದಾರೆ.

"ಹೊಸಬರ ಮೈ ಎರಡೇ ದಿನದಲ್ಲಿ ಸುಧಾರಿಸ್ಕೊಳ್ಳತ್ತೆ" ಎನ್ನುತ್ತಾರೆ ಔನೆ. "ಅದಕ್ಕೇ ಸೋಮವಾರ, ಬುಧವಾರ, ಶುಕ್ರವಾರ, ಬಂದಾಗೆಲ್ಲ ಎರಡೂವರೆ ಕಿಲೋ ಜಾಸ್ತಿ. ಅದರ ರುಚಿ ಹತ್ತಿಬಿಡತ್ತೆ ನೋಡಿ. ಜನ್ಮವೆಲ್ಲ ಹೀಗೇ ಏರ್ತೀವಿ ಅಂದ್ಕೋತಾರೆ. ಆಮೇಲೆ ಒಂದಿನ ಮೈ ಆಗಲ್ಲ ಅನ್ನತ್ತೆ."

ಒಂದೇ ಭಾರಕ್ಕೆ ಮೂರು ಸಲ ಸೋತರೆ ಬಿಳಿ ಚೀಟಿ ಮುಗಿಯಿತು. ನೀಲಿಯಲ್ಲಿ ಭಾರ ಏರುವುದು ವಾರಕ್ಕೊಮ್ಮೆ ಮಾತ್ರ. ಸೋಮವಾರ ಮೈತುಂಬ ಕೆಲಸ, ಬುಧವಾರ ಹಗುರ, ಶುಕ್ರವಾರ ಒಂದೇ ಒಂದು ದೊಡ್ಡ ಸರದಿ.

ಆರು ಗಂಟೆಗೆ ಬರುವ ಕೈಸು ರೇಸಾನೆನ್ ಹಿಮ ತಳ್ಳುವ ಲಾರಿ ಓಡಿಸುತ್ತಾಳೆ. ಎಂಬತ್ತೈದು ಕಿಲೋ ಹೆಗಲಿಗಿಟ್ಟುಕೊಂಡು ಕುಕ್ಕರಿಸಿದವಳು ಇವತ್ತೂ ಮೇಲೇಳಲಾರದೆ ಬಾರನ್ನು ಅಡ್ಡಕಂಬಿಯ ಮೇಲೆ ಇಳಿಸುತ್ತಾಳೆ. ತಿರುಗುವಷ್ಟರಲ್ಲಿ ಔನೆ ನೀಲಿ ಚೀಟಿ ಹಿಡಿದು ನಿಂತಿದ್ದಾರೆ.

"ಏನು ಸೇಡು ಔನೆ ನಿಂಗೆ ನನ್ನ ಮೇಲೆ? ನಿದ್ದೆಗೆಟ್ಟಿದ್ದೆ, ಅದಕ್ಕೇ ಏಳಲಿಲ್ಲ."

"ಶುಕ್ರವಾರ ಹೊಟ್ಟೆನೋವು, ಮೊನ್ನೆ ಶೂ ಬಿಗಿ, ಇವತ್ತು ನಿದ್ದೆಗೇಡು. ನಾಡಿದ್ದು ಏನಮ್ಮ, ನಾಯಿ ಸತ್ತಿರತ್ತಾ?"

"ನಾನು ನಾಯೀನೇ ಸಾಕಿಲ್ಲ."

"ಹಾಗಿದ್ರೆ ಒತ್ತು ಹೆಬ್ಬೆಟ್ಟು."

ಕೈಸು ಗೊಣಗುತ್ತಾ, ಹಿಡಿತ ಜಾರದಂತೆ ಕೈಗೆ ಹಚ್ಚಿಕೊಳ್ಳುವ ಚಾಕ್ ಪುಡಿಯಲ್ಲಿ ಹೆಬ್ಬೆರಳು ಅದ್ದಿ ಚೀಟಿಯ ಮೂಲೆಗೆ ಒತ್ತುತ್ತಾಳೆ. ಒಪ್ಪಿದೆ ಎಂಬುದಕ್ಕೆ ಇಲ್ಲಿ ಅದೇ ಗುರುತು. ಔನೆ ಬದಲಿಸಿದ ನಾನೂರ ಹನ್ನೆರಡನೆಯ ಚೀಟಿಯಿದು.

ಬದಲಿಸದೆ ಬಿಟ್ಟದ್ದು ಒಂದು. ಹನ್ನೊಂದು ವರ್ಷದ ಹಿಂದೆ ಹೆಮ್ಮೊ ಪೋಯ್ರಿ ಎಂಬ ವೆಲ್ಡರ್ ಬರುತ್ತಿದ್ದ. ಮಾತು ಕಡಿಮೆ. ತನ್ನ ಬಳಿಯಿದ್ದ ಕೀಲಿಯಿಂದ ಎಲ್ಲರಿಗಿಂತ ಮೊದಲು ಒಳಬಂದು ಕೊನೆಯ ಬೆಂಚಿನಲ್ಲಿ ಮಲಗಿ ಎತ್ತುತ್ತಿದ್ದ. ತೊಂಬತ್ತೆರಡೂವರೆಗೆ ಮೂರು ಸಲ ಸೋತ. ಔನೆ ನೀಲಿ ಚೀಟಿ ತಂದಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"'ಇನ್ನೊಂದೇ ಸಲ ಔನೆ, ಶುಕ್ರವಾರ ಆಗ್ಲಿಲ್ಲ ಅಂದ್ರೆ ನೀನು ಹೇಳಿದ ಹಾಗೆ' ಅಂದ. ಎಂದೂ ಏನೂ ಕೇಳದವನು. ಬಿಳಿ ಚೀಟಿ ವಾಪಸು ಕೊಟ್ಟೆ" ಎನ್ನುತ್ತಾರೆ ಔನೆ. "ಶುಕ್ರವಾರ ಬಾಗಿಲು ತೆಗೆದಾಗ ದೀಪ ಉರೀತಿತ್ತು. ಬಾರು ಅವನ ಎದೆ ಮೇಲಿತ್ತು, ಉಸಿರು ಇರ್ಲಿಲ್ಲ."

ಈ ವರ್ಷ ಸೆಪ್ಟೆಂಬರ್ ಮೊದಲ ಸೋಮವಾರ ಕೊನೆಯ ಬೆಂಚಿನ ಮೇಲೆ ಬರಿಯ ಬಾರು ಕಂಡಿತು. ಹಿಂದಿನ ರಾತ್ರಿ ಅದನ್ನು ಉಜ್ಜಿ ಗೋಡೆಗೆ ನಿಲ್ಲಿಸಿದ್ದ ನೆನಪು ಔನೆಗಿತ್ತು. ಬುಧವಾರ ಇಪ್ಪತ್ತೆರಡೂವರೆ, ಶುಕ್ರವಾರ ಇಪ್ಪತ್ತೈದು. ಯಾರೋ ಪ್ಲೇಟು ಇಳಿಸದೆ ಹೋಗುತ್ತಿದ್ದಾರೆಂದು ಎಲ್ಲರನ್ನೂ ಬೈದರು. "ವಯಸ್ಸಾಯ್ತಜ್ಜಿ, ನೀನೇ ಏರಿಸಿ ನೀನೇ ಮರೀತೀಯ" ಎಂದು ನಕ್ಕರು. ಅಕ್ಟೋಬರಿನಲ್ಲಿ ಬೀಗ ಬದಲಾಯಿತು. ಇರುವ ಒಂದೇ ಕೀಲಿ ಔನೆಯ ಜೇಬಿನಲ್ಲಿದೆ. ಆದರೂ ವಾರಕ್ಕೆ ಮೂರು ಸಲ, ಎರಡೂವರೆ ಎರಡೂವರೆಯಾಗಿ ಭಾರ ಏರಿತು. ತೊಂಬತ್ತೆರಡೂವರೆಗೆ ಬಂದು ನಿಂತದ್ದು ಕಳೆದ ಶುಕ್ರವಾರ. ಸೋಮವಾರವೂ ಅಷ್ಟೇ. ಇವತ್ತಿನದು ಮೂರನೆಯದು.

"ಬೇರೆಯವರು ಹೆದರ್ಕೋ ಅಂತಾರೆ. ನಂಗೆ ಹೆದರಿಕೆ ಇರೋದು ನಾಡಿದ್ದಿನ ಶುಕ್ರವಾರದ್ದು" ಎನ್ನುತ್ತಾ ಔನೆ ಕನ್ನಡಕ ಹಾಕಿಕೊಳ್ಳುತ್ತಾರೆ. ಹೊಸ ನೀಲಿ ಚೀಟಿಯ ಮೇಲೆ ಹೆಮ್ಮೊ ಪೋಯ್ರಿ ಎಂದು ಬರೆಯುತ್ತಾರೆ. ಶುಕ್ರವಾರ, ವಿಶ್ರಾಂತಿ. ಸೋಮವಾರ ಎಂಬತ್ತು ಕಿಲೋ, ಐದು ಸರದಿ, ಸರದಿಗೆ ಐದು ಸಲ ಎತ್ತುವುದು. ಗುರುವಾರ ಸಂಜೆ ಬೀಗ ಹಾಕುವಾಗ ಚೀಟಿಯನ್ನು ಬೆಂಚಿನ ಮೇಲಿಟ್ಟು, ಪಕ್ಕದಲ್ಲಿ ಚಾಕ್ ಪುಡಿಯ ಬಟ್ಟಲಿಡುತ್ತಾರೆ.

ಶುಕ್ರವಾರ ಐದೂವರೆಗೆ ಔನೆ ಬಾಗಿಲಿಗೆ ಕಿವಿಯಿಟ್ಟು ಎಂದಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಾರೆ. ಆಮೇಲೆ ಬೀಗ ತೆಗೆಯುತ್ತಾರೆ.

ಕೊನೆಯ ಬೆಂಚಿನಲ್ಲಿ ಬಾರು ಬರಿದಾಗಿದೆ. ಔನೆ ಹಿಂಗೈಯಿಂದ ಮುಟ್ಟುತ್ತಾರೆ, ನಾನೂ ಮುಟ್ಟುತ್ತೇನೆ. ಈ ತುದಿಯಿಂದ ಆ ತುದಿಯವರೆಗೆ ತಣ್ಣಗಿದೆ. ಚೀಟಿ ಇಟ್ಟಲ್ಲೇ ಇದೆ. ಅದರ ಮೂಲೆಯಲ್ಲಿ ಅಗಲವಾದ ಬಿಳಿಯ ಹೆಬ್ಬೆಟ್ಟು.

ಕೈಸು ಬಂದಾಗ, ನಾಚಿಕೆಯಾದರೂ, ಹೆಬ್ಬೆರಳು ಅಳೆದು ತೋರಿಸೆಂದು ಕೇಳುತ್ತೇನೆ. ಅವಳು ನಗುತ್ತಾ ಗುರುತಿನ ಪಕ್ಕ ಬೆರಳು ಹಿಡಿಯುತ್ತಾಳೆ. ಅರ್ಧ ಅಗಲವೂ ಇಲ್ಲ. ಅವಳ ನಗು ನಿಲ್ಲುತ್ತದೆ.

ಔನೆ ಯಾರ ಬೆರಳನ್ನೂ ನೋಡುವುದಿಲ್ಲ. ಗುರುತು ಅಳಿಸದಂತೆ ಚೀಟಿಯನ್ನು ಅಂಚಿನಲ್ಲಿ ಹಿಡಿದು ಡಬ್ಬಿಗೆ, ನೀಲಿಯವುಗಳ ಸಾಲಿಗೆ ಸೇರಿಸುತ್ತಾರೆ. ಆಮೇಲೆ ಬ್ರಷ್ ಕೈಗೆತ್ತಿಕೊಳ್ಳುತ್ತಾರೆ.

"ನಾನೂರ ಹದಿಮೂರು ಅಂತ ಬರ್ಕೊಳ್ಳಿ" ಎನ್ನುತ್ತಾರೆ. "ಈಗ ಒಂದೂ ಬಾಕಿ ಇಲ್ಲ."