ನಗುಮೀನು ಊಟ ಬಿಟ್ಟರೆ ಕಮಲಾಕ್ಷಮ್ಮ ಬರಬೇಕು

ಬೆಳಗಿನ ಆರು ಗಂಟೆ. ಕಡೂರು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಟೀ ಅಂಗಡಿಯವನೇ ಇನ್ನೂ ಸ್ಟವ್ ಹಚ್ಚಿಲ್ಲ. ನಾಗೇಶ್ ಅವರ ಬಣ್ಣದ ಮೀನಿನ ಅಂಗಡಿಯ ಷಟರ್ ಮಾತ್ರ ಅರ್ಧ ಮೇಲೆದ್ದಿದೆ. ಒಳಗೆ ಕಮಲಾಕ್ಷಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗಾಜಿನ ತೊಟ್ಟಿಗೆ ಮೂಗು ತಾಗಿಸಿಕೊಂಡು ಯಾರನ್ನೋ ಬಯ್ಯುತ್ತಿದ್ದಾರೆ.

"ಏನ್ಲಾ, ರಾತ್ರಿ ಹಾಕಿದ್ದು ಹಂಗೇ ಬಿಟ್ಟಿದೀಯ? ಯಾರ ಹತ್ರ ನಿನ್ನ ನಖರಾ?"

ಬೈಸಿಕೊಳ್ಳುತ್ತಿರುವವನು ನಗುತ್ತಲೇ ಇದ್ದಾನೆ. ಗೇಣುದ್ದದ ಗುಲಾಬಿ ಮೈ, ನಾಲ್ಕು ಕಾಲು, ಕತ್ತಿನ ಎರಡೂ ಕಡೆ ಮೂರು ಮೂರು ಕೆಂಪು ಗರಿಯಂಥ ಕಿವಿರು, ಕೆನ್ನೆಯಿಂದ ಕೆನ್ನೆಗೆ ಬಾಯಿ. ಮೆಕ್ಸಿಕೊ ದೇಶದ ಈ ಪ್ರಾಣಿಯ ಹೆಸರು ಆಕ್ಸೊಲಾಟ್ಲ್. ಮೀನೂ ಅಲ್ಲ, ಹಲ್ಲಿಯೂ ಅಲ್ಲ, ಕಪ್ಪೆಯ ಕಡೆಯ ದೂರದ ನೆಂಟ. ಹೆಸರು ನಾಲಿಗೆಗೆ ಹೊರಳುವುದಿಲ್ಲವೆಂದು ಇಲ್ಲಿನ ಜನ ನಗುಮೀನು ಎಂದುಬಿಟ್ಟಿದ್ದಾರೆ.

ಎಡವಟ್ಟಿರುವುದೂ ಆ ನಗುವಿನಲ್ಲೇ. "ದನಕ್ಕೆ ಹುಷಾರಿಲ್ಲ ಅಂದ್ರೆ ಮುಖ ನೋಡಿದ್ರೆ ಗೊತ್ತಾಯ್ತದೆ. ಇದು ಸಾಯೋವಾಗ್ಲೂ ನಗ್ತಾನೇ ಇರ್ತದೆ ಕಣ್ರೀ. ಮನೆಯೋರು ಚೆನ್ನಾಗೈತೆ ಅಂದ್ಕಂಡಿರ್ತಾರೆ" ಎನ್ನುತ್ತಾರೆ ಕಮಲಾಕ್ಷಮ್ಮ.

ಐವತ್ತೆರಡರ ಈ ಹೆಂಗಸು ದಿನಾ ಹಿರೇನಲ್ಲೂರಿನಿಂದ ಮೊದಲ ಬಸ್ಸಿಗೆ ಬರುತ್ತಾರೆ. ಸೇರಿದ್ದು ಕಸ ಗುಡಿಸಿ ತೊಟ್ಟಿ ತೊಳೆಯಲಿಕ್ಕೆ. ಈಗ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನ ಹದಿನಾಲ್ಕು ನಗುಮೀನುಗಳಿಗೆ ಇವರೇ ನರ್ಸು, ಇವರೇ ಡಾಕ್ಟರು. ಗಂಡ ಬೀರಪ್ಪನಿಗೆ ಎಪ್ಪತ್ತು ಕುರಿಗಳಿವೆ. ಹೆಂಡತಿ ಹುಳ ತಿನ್ನುವ ಮೀನಿಗೆ ಶುಶ್ರೂಷೆ ಮಾಡುತ್ತಾಳೆ ಎನ್ನಲು ನಾಚಿಕೆಯಾಗಿ, ಆತ ಊರಲ್ಲಿ "ಕಡೂರಲ್ಲಿ ದವಾಖಾನೆ ಕೆಲಸ" ಎಂದು ಹೇಳಿಕೊಂಡು ತಿರುಗುತ್ತಾನೆ.

ಅವರ ವಿದ್ಯೆ ಬಂದಿದ್ದು ಆ ಕುರಿಗಳಿಂದಲೇ. "ಕುರಿ ಕಿವಿ ಜೋತುಬಿದ್ರೆ ಮೈ ಸರಿ ಇಲ್ಲ ಅಂತ. ಇದರ ಗರಿ ಮುಂದಕ್ಕೆ ಬಾಗಿದ್ರೆ ನೀರು ಸರಿ ಇಲ್ಲ ಅಂತ. ಹತ್ತಿ ಥರ ಬೆಳ್ಳಗೆ ಅಂಟಿದ್ರೆ ಬೂಷ್ಟು. ಹೊಟ್ಟೆ ಮೇಲೆ ಮಾಡ್ಕಂಡು ತೇಲಿದ್ರೆ ತಿಂದಿದ್ದು ಅರಗಿಲ್ಲ, ಇಲ್ಲಾ ಕಲ್ಲು ನುಂಗೈತೆ." ನಲ್ಲಿ ನೀರನ್ನು ಡ್ರಮ್ಮಿನಲ್ಲಿ ಒಂದು ದಿನ ಬಿಟ್ಟು ಬ್ಲೀಚಿಂಗ್ ವಾಸನೆ ಹೋಗಿಸುತ್ತಾರೆ. ಕರೆಂಟ್ ಹೋದರೆ ತೊಟ್ಟಿಗೆ ಒದ್ದೆ ಗೋಣಿಚೀಲ ಸುತ್ತಿ, ಐಸು ತುಂಬಿದ ಬಾಟಲಿ ತೇಲಿಬಿಡುತ್ತಾರೆ.

ಇಷ್ಟು ಕಲಿಯಲು ಒಂದು ಜೀವ ಹೋಯಿತು. ಎರಡು ವರ್ಷದ ಹಿಂದಿನ ಏಪ್ರಿಲ್‌ನಲ್ಲಿ ಬಿಸಿಲಿಗೆ ನೀರು ಕಾದು, ಅಂಗಡಿಯ ಮೊದಲ ನಗುಮೀನು ಅವರ ಅಂಗೈಯಲ್ಲೇ ಸತ್ತಿತು. "ಅದು ನಗ್ತಿತ್ತು, ನಾನು ಅಳ್ತಿದ್ದೆ. ನಾಗೇಶಣ್ಣ ಬಂದು ಯಾರಿಗೇನಾಯ್ತು ಅಂತ ಗಾಬರಿ ಬಿದ್ಬಿಟ್ರು. ಇನ್ನೊಂದು ನನ್ನ ಕೈಯಲ್ಲಿ ಹೋಗಬಾರದು ಅಂತ ಅವತ್ತೇ ಅಂದ್ಕಂಡೆ."

ಅದಕ್ಕೇ ಕಳೆದ ತಿಂಗಳು ಅಜ್ಜಂಪುರದಿಂದ ಹಾರ್ಡ್‌ವೇರ್ ಅಂಗಡಿಯ ಓಂಕಾರೇಶ್ ಫೋನ್ ಮಾಡಿದಾಗ ಕಮಲಾಕ್ಷಮ್ಮ ತೊಟ್ಟಿ ತೊಳೆಯುವುದನ್ನು ಬಿಟ್ಟು ಒಂದೊಂದೇ ಕೇಳತೊಡಗಿದರು. ಅವರ ಮನೆಯ ನಗುಮೀನು ಗುಂಡಪ್ಪ ಊಟ ಬಿಟ್ಟು ಒಂಬತ್ತು ದಿನ. ಗರಿ ಬಾಗಿದೆ, ಮೈಮೇಲೆ ಬಿಳಿ ಬಿಳಿ. ಓಂಕಾರೇಶ್ ಮೊಬೈಲ್ ನೋಡಿಕೊಂಡು ಮೂರು ಬಗೆಯ ಬೂಷ್ಟಿನ ಔಷಧಿಯನ್ನೂ ಸುರಿದಾಗಿದೆ.

ಮರುದಿನ ಏಳೂವರೆಗೆಲ್ಲ ಕಮಲಾಕ್ಷಮ್ಮ ಅಲ್ಲಿದ್ದಾರೆ. ನೀರು ತಣ್ಣಗಿದೆ. ಕಲ್ಲಿಲ್ಲ. ಬಿಳಿಯದ್ದನ್ನು ಬೆರಳಲ್ಲಿ ತೀಡಿ ನೋಡುತ್ತಾರೆ, ಹತ್ತಿಯ ಹಾಗಿಲ್ಲ, ಪುಡಿ ಪುಡಿ.

"ಔಷಧಿ ಬಿಟ್ಟು ಇದಕ್ಕೆ ಯಾರು ಏನು ಹಾಕ್ತೀರಿ?"

"ಏನೂ ಇಲ್ಲಪ್ಪ" ಎನ್ನುತ್ತದೆ ಇಡೀ ಮನೆ ಒಂದೇ ಬಾಯಲ್ಲಿ.

ಕಮಲಾಕ್ಷಮ್ಮ ಜಗ್ಗುವ ಪೈಕಿಯೇ ಅಲ್ಲ. ಕಾಫಿ ಕುಡಿಯುತ್ತಾ ಮೂಲೆಯಲ್ಲಿ ಕೂರುತ್ತಾರೆ. ಒಳಗೆ ಓಂಕಾರೇಶ್ ಅವರ ತಾಯಿ, ಎಪ್ಪತ್ತೆಂಟರ ಕಲ್ಲಮ್ಮ, ಲಿಂಗಪೂಜೆ ಮುಗಿಸಿ ವಿಭೂತಿ ಹಿಡಿದು ಹೊರಗೆ ಬರುತ್ತಾರೆ. ಮಗನ ಹಣೆಗೆ, ಸೊಸೆ ಶಾಂಭವಿಯ ಹಣೆಗೆ, ಆಮೇಲೆ ಫ್ರಿಜ್ಜಿಗೆ, ಮಿಕ್ಸಿಗೆ, ಬಾಗಿಲಲ್ಲಿ ನಿಂತ ಸ್ಕೂಟರಿಗೆ. ಕೊನೆಗೆ ತೊಟ್ಟಿಯ ಮುಚ್ಚಳ ಎತ್ತಿ, ಒಂದು ಚಿಟಿಕೆ ಉದುರಿಸಿ, "ಗುಂಡಪ್ಪಾ, ಶಿವ ಕಾಪಾಡ್ಲಿ ಕಣೋ" ಅನ್ನುತ್ತಾರೆ.

ಕಮಲಾಕ್ಷಮ್ಮ ಕಾಫಿ ಲೋಟ ಕೆಳಗಿಡುತ್ತಾರೆ.

"ಅಮ್ಮಾರೇ, ಇದನ್ನ ದಿನಾ ಹಾಕ್ತೀರಾ?"

"ಮತ್ತೆ? ಮನೇಲಿರೋ ಜೀವ ಅಲ್ವೇನೇ ಅದು? ಅದಕ್ಕೊಂದು ಭೇದ ಮಾಡ್ಲಾ? ಹುಷಾರಿಲ್ಲ ಅಂತ ಈಗ ಎರಡು ಹೊತ್ತು ಹಾಕ್ತಿದೀನಿ!"

ಓಂಕಾರೇಶ್ ಹಣೆ ಚಚ್ಚಿಕೊಳ್ಳುತ್ತಾರೆ. ಔಷಧಿ ಸುರಿದ ಮಹಾಶಯರು ತಾಯಿಯ ಮೇಲೆ ರೇಗಲು ಬಾಯಿ ತೆರೆಯುವಷ್ಟರಲ್ಲಿ ಕಮಲಾಕ್ಷಮ್ಮ ತಡೆಯುತ್ತಾರೆ.

"ಅಮ್ಮಾರೇ, ಬೂದಿನೀರಲ್ಲಿ ಪಾತ್ರೆ ತೊಳೆದು ಕೈ ಸುಲಿದಿದ್ದು ನೆನಪೈತಾ? ನಮ್ಮ ಒರಟು ಕೈಗೇ ಹಂಗಾದ್ರೆ ಇದರ ಚರ್ಮ ಈರುಳ್ಳಿ ಸಿಪ್ಪೆ. ಪಾಪ, ಅದಕ್ಕೆ ಉರೀತೈತೆ."

ಕಲ್ಲಮ್ಮ ವಿಭೂತಿಯ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. ಕಣ್ಣು ತುಂಬುತ್ತದೆ. "ಅಯ್ಯೋ ಶಿವನೇ, ನನ್ನ ಕೈಯಾರೆ ಹಿಂಗಾಯ್ತಾ! ಅದು ಹೋದ್ರೆ ನಾ ಯಾವ ಬಾಯಲ್ಲಿ ನಿನ್ನ ಹೆಸರು ಹೇಳ್ಲಿ?"

"ನಿಮ್ಮ ಭಕ್ತಿಗೇನೂ ದೋಷ ಇಲ್ಲ ಬಿಡಿ. ಗಾಜಿನ ಹೊರಗೆ ಮೂರು ಪಟ್ಟೆ ಬಳೀರಿ, ಅಲ್ಲಿಂದ್ಲೂ ಶಿವನಿಗೆ ಕಾಣ್ತದೆ" ಎಂದು ಕಮಲಾಕ್ಷಮ್ಮ ಸಮಾಧಾನ ಮಾಡುತ್ತಾರೆ. ಔಷಧಿ ಬಂದ್. ಗುಂಡಪ್ಪನಿಗೆ ಹೊಸ ಟಬ್ಬು, ದಿನಾ ಪೂರ್ತಿ ಹೊಸ ನೀರು, ಮೇಲೊಂದು ಬಟ್ಟೆ ಮುಚ್ಚಿ ಕತ್ತಲು. ಸಂಜೆಗೊಂದು ಎರೆಹುಳ ತೋರಿಸಬೇಕು, ತಿನ್ನದಿದ್ದರೆ ತೆಗೆಯಬೇಕು. ಈ ಮನೆಯಲ್ಲಿ ಮೊಟ್ಟೆಯೂ ಒಳಗೆ ಬರುವಂತಿಲ್ಲ. ಹುಳದ ಕೆಲಸ ಶಾಂಭವಿಯದು, ಅದೂ ಹಿತ್ತಲ ಕಡೆಯಿಂದ ತಂದು.

ಮೊದಲ ದಿನ ತಿನ್ನಲಿಲ್ಲ. ಎರಡನೆಯ ದಿನ ಇಲ್ಲ. ಮೂರನೆಯ ದಿನವೂ ಇಲ್ಲ. ಹಿರೇನಲ್ಲೂರಿನಲ್ಲಿ ಕಮಲಾಕ್ಷಮ್ಮ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಾರೆ. "ನೀನೂ ಉಪವಾಸ ಬಿದ್ರೆ ಯಾವ ಡಾಕ್ಟ್ರನ್ನ ಕರೀಲಿ?" ಎಂದು ಬೀರಪ್ಪ ಗೊಣಗುತ್ತಾನೆ.

ನಾಲ್ಕನೆಯ ಸಂಜೆ ಫೋನು. ಆ ಕಡೆ ಕಲ್ಲಮ್ಮ, ಏದುಸಿರು.

"ತಿಂತು ಕಣೇ ಕಮಲಾಕ್ಷಿ! ಗಬಕ್ ಅಂತ ತಿಂತು!"

"ಸದ್ಯ! ಶಾಂಭವಮ್ಮಾರು ಹಾಕಿದ್ರಾ?"

"ಅವಳು ತವರಿಗೆ ಹೋಗವ್ಳೆ. ನನ್ನ ಮಗನಿಗೋ ಹುಳ ಕಂಡ್ರೆ ಹೆದರಿಕೆ. ನಾನೇ ಕಣ್ಮುಚ್ಕಂಡು ಇಕ್ಕಳದಾಗೆ ಹಿಡ್ದು ಹಾಕ್ದೆ. ಎರಡು ಸಲ ಸ್ನಾನ ಮಾಡ್ಕಂಡು ಬಂದು ಫೋನ್ ಮಾಡ್ತಿದೀನಿ." ಆಮೇಲೆ ದನಿ ತಗ್ಗಿಸಿ, "ಅಲ್ಲ ಕಣೇ, ಇನ್ನೊಂದು ಹಾಕ್ಲಾ? ಬಾಯಿ ನೋಡ್ತಾ ಕೂತದೆ" ಅಂದರಂತೆ.

ಅದನ್ನು ಹೇಳುವಾಗ ಕಮಲಾಕ್ಷಮ್ಮ ನಗುತ್ತಾರೆ, ಕಣ್ಣೂ ಒರೆಸಿಕೊಳ್ಳುತ್ತಾರೆ. "ಹಾಕಿ ಅಮ್ಮಾರೇ ಅಂದೆ. ಮೂರನೇ ಸ್ನಾನಕ್ಕೆ ನೀರು ಕಾಯಿಸ್ಕಂಡು ಹಾಕಿ ಅಂದೆ."