ಅಳಿಲಿನ ಪ್ಲಾಟು, ಟಿಟ್ಟಿಭದ ಪ್ಲಾಟು

ಮನೆಗೆ ಜಾಗ ಆರಿಸುವ ಈ ಮಾತನ್ನು ನನಗೆ ಮೊದಲು ಹೇಳಿದವರು ಕಮಲಾಪುರದ ಸಂಗಮ್ಮ ಆಯಿ. ಕಲಬುರಗಿಯ ಬಾಡಿಗೆ ಮನೆ ಬಿಟ್ಟು, ಇದ್ದಷ್ಟರಲ್ಲಿ ಒಂದು ಸ್ವಂತ ಮನೆ ಕಟ್ಟಿಸಬೇಕೆಂದು ಅಲ್ಲಿಗೆ ಪ್ಲಾಟು ನೋಡಲು ಹೋಗಿದ್ದೆ.

ದಲಾಲ ಮೊದಲು ತೋರಿಸಿದ ಪ್ಲಾಟಿನಲ್ಲಿ ದೊಡ್ಡ ಬೇವಿನ ಮರ, ಮರದ ತುಂಬ ಅಳಿಲು. "ರಾಮದೇವರು ಬೆನ್ನು ಸವರಿದ ಪ್ರಾಣಿ ರೀ ಸರ್. ಇದು ಇದ್ದ ಜಾಗ ಶುಭ," ಎಂದ. ನಾನು ಅಳಿಲುಗಳಿಗೆ ಕೈ ಮುಗಿದೆ.

ಪಕ್ಕದ ಪ್ಲಾಟು ಬರೀ ಕಲ್ಲು. ಕೆರೆಯ ಕೆಸರಿನಲ್ಲಿ ಓಡಾಡುವ ಉದ್ದ ಕಾಲಿನ ಟಿಟ್ಟಿಭ ಹಕ್ಕಿಯೊಂದು ಅಲ್ಲಿ ನಮ್ಮ ತಲೆಯ ಮೇಲೆ ಹಾರಿ ಹಾರಿ ಬೈಯುತ್ತಿತ್ತು.

ಅಲ್ಲೇ ಸೆಗಣಿ ಆಯುತ್ತಿದ್ದ ಸಂಗಮ್ಮ ಆಯಿ ಕೇಳಿದರು, "ಯಾವುದು ತಗೋತಿ ತಮ್ಮಾ?"

"ಅಳಿಲಿಂದು, ಆಯಿ."

"ಅದರ ಮನಿ ಗಿಡದ ಮ್ಯಾಲ ಅದ. ಕೆಳಗ ನೀರು ನಿಂತರ ಅದಕ್ಕೇನು? ಈ ಹಕ್ಕಿ ನೋಡು, ಕೆಸರಾಗ ದುಡೀತದ, ತತ್ತಿ ಮಾತ್ರ ನೀರು ಬರದ ನೆಲದಾಗ ಇಡತದ. ನೀ ಗಿಡದ ಮ್ಯಾಲ ಇರಾವನೋ, ನೆಲದ ಮ್ಯಾಲೋ?"

ದಲಾಲ ಕೆಮ್ಮಿದ. ನಾನು ಟಿಟ್ಟಿಭದ ಪ್ಲಾಟನ್ನೇ ಹಿಡಿದೆ. ಭೂಮಿಪೂಜೆಗೆ ಬಂದ ಸ್ವಾಮಿಗಳನ್ನು ಆ ಹಕ್ಕಿ ಒಳಗೆ ಬಿಡಲಿಲ್ಲ. ಮರಿಗಳು ಓಡಾಡುವವರೆಗೆ ಎರಡು ಸಲ ಮುಹೂರ್ತ ಬದಲಿಸಿದೆವು.

ಮಳೆಗಾಲ ಬಂತು. ಬೇವಿನ ಬುಡದಲ್ಲಿ ಮೊಣಕಾಲುದ್ದ ನೀರು. ಅಳಿಲುಗಳು ಮೇಲೆ ಸುಖವಾಗಿದ್ದವು. ನನ್ನ ಪಾಯದೊಳಗೆ ನೀರು ಬರಲಿಲ್ಲ.

ಬೇವಿನ ಮರದ ಆ ಪ್ಲಾಟು ಇನ್ನೂ ಮಾರಾಟಕ್ಕಿದೆ. ದಲಾಲ ಅದನ್ನು ಬೇಸಿಗೆಯಲ್ಲಿ ಮಾತ್ರ ತೋರಿಸುತ್ತಾನಂತೆ. ಯಾರಾದರೂ ನೋಡಲು ಹೊರಟರೆ ಆಯಿಯ ಮಾತನ್ನು ಅವರಿಗೂ ಮುಟ್ಟಿಸಿರಿ. ಅಳಿಲಿಗೆ ಕೈ ಮುಗಿಯಲಿ, ಅಡ್ಡಿಯಿಲ್ಲ.