ಮಂಚದಡಿಯ ಬಾಟಲಿ

ನಮ್ಮ ಭಾವ ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಇಟಲಿಯ ಕೆಂಪು ವೈನ್ ಕಾಯಲು ನಿಂತು ಮೂವತ್ತು ವರ್ಷದ ಮೇಲಾಯಿತು. ಕಾಯುವುದೆಂದರೆ ಬಾಟಲಿಗಳನ್ನು ತಂಪಿನಲ್ಲಿ, ಕತ್ತಲಲ್ಲಿ ಅಡ್ಡಡ್ಡ ಮಲಗಿಸಿ, ಅವುಗಳ ನಿದ್ದೆ ಕೆಡದಂತೆ ನೋಡಿಕೊಳ್ಳುವುದು. ಅಲ್ಲಿ ಅವರು ಜೋರಾಗಿ ಕೆಮ್ಮುವುದೂ ಇಲ್ಲ. ಒಮ್ಮೆ ಬಾಟಲಿಯನ್ನು ಕುಲುಕಿಸಿಕೊಂಡು ಮೆಟ್ಟಿಲಿಳಿದ ವೇಟರ್ ಒಬ್ಬ, ಭಾವನ ಉಪದೇಶ ತಾಳಲಾರದೆ ಕೆಲಸ ಬಿಟ್ಟು ಲಾರಿ ಓಡಿಸಲು ಹೋದನಂತೆ.

ರುಚಿ ನೋಡುವುದೂ ಅವರದೇ ಕೆಲಸ. ಒಂದು ಗುಟುಕು ಮುಕ್ಕಳಿಸಿ, ಉಗಿದು, ಕಣ್ಣು ಮುಚ್ಚಿ "ಗುಲಾಬಿ, ಡಾಂಬರು" ಎನ್ನುವರು. ಬರೋಲೊ ಎಂಬ ವೈನ್ ಹಳತಾದಷ್ಟೂ ಈ ಎರಡು ಪರಿಮಳ ಒಟ್ಟಿಗೆ ಬರುತ್ತವೆಂದು ಅವರ ವಾದ. ಮನೆಯಲ್ಲೂ ಮೂಗೆತ್ತಿ ಇದನ್ನೇ ಹೇಳಿದರೆ, ಡಾಂಬರು ಬೇಕಿದ್ದರೆ ಬೀದಿಯಲ್ಲೇ ಸುರಿದಿದ್ದಾರಲ್ಲ ಎಂದು ನಮ್ಮಕ್ಕ ಅವರನ್ನು ನೆಲಕ್ಕಿಳಿಸುತ್ತಿದ್ದಳು.

ಅಕ್ಕ ದವಾಖಾನೆಯಲ್ಲಿ ಕಾಂಪೌಂಡರ್. ದಿನಕ್ಕೆ ಇನ್ನೂರು ಜನರಿಗೆ ನಿಂತೇ ಔಷಧಿ ಕೊಡುವವಳು. ಮದುವೆಯಾದ ಹೊಸತರಲ್ಲಿ ಅವಳು ಕೇಳಿದ್ದಳು: "ಮಲಗಿರೋ ಬಾಟಲಿ ಕಾಯೋದೂ ಒಂದು ಕೆಲಸವೇನ್ರೀ?"

ಭಾವ ಮದುವೆಯ ವರ್ಷದ ದ್ರಾಕ್ಷಿಯ ಬರೋಲೊ ಹೋಟೆಲಿಗೆ ಬಂದಾಗ ಒಂದು ಬಾಟಲಿ ಕೊಂಡು ತಂದು ಮಂಚದಡಿ ಮಲಗಿಸಿದರು. ಬೇಸಿಗೆಯಲ್ಲಿ ಒದ್ದೆ ಗೋಣಿ ಹೊದಿಸಿದರು. ಅದು ಹೋಟೆಲಿನದೆಂದು ನಂಬಿದ ಅಕ್ಕ ಗುಡಿಸುವಾಗಲೆಲ್ಲ ಪೊರಕೆಯನ್ನು ಅದರ ಸುತ್ತ ಬಳಸಿಕೊಂಡು ಹೋಗುತ್ತಿದ್ದಳು. ಅವಳು ನಿವೃತ್ತಳಾಗುವ ದಿನ ಅದನ್ನು ಕುಡಿಸಿ ಆ ಹಳೆಯ ಪ್ರಶ್ನೆಗೆ ಉತ್ತರ ಕೊಡಬೇಕೆಂಬುದು ಭಾವನ ಗುಟ್ಟು. "ಒಂದ್ಸಲ ಅವಳು ಚೆನ್ನಾಗಿದೆ ಅಂದ್ರೆ ಸಾಕು ಕಣೋ," ಎಂದು ನನ್ನೊಬ್ಬನ ಬಳಿ ಹೇಳಿದ್ದರು.

ಹಳೆಯ ವೈನಿನಲ್ಲಿ ಗಷ್ಟು ಕಟ್ಟುತ್ತದೆ. ಅದು ಕದಡಿದರೆ ಬಾಯಿಗೆ ಮಣ್ಣು ಬಿದ್ದಂತೆ. ಹಾಗಾಗಿ ಭಾವ ನಾಲ್ಕು ದಿನ ಮೊದಲೇ ಬಾಟಲಿಯನ್ನು ಅಡುಗೆಮನೆಯ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ ಗಷ್ಟನ್ನು ತಳಕ್ಕಿಳಿಸಿದರು.

ಅಕ್ಕ ನಿವೃತ್ತಳಾದ ಸಂಜೆ ನಾನೂ ಹೋಗಿದ್ದೆ. ಭಾವ ಇಸ್ತ್ರಿ ಅಂಗಿ ತೊಟ್ಟು, ಲೋಟ ಒರೆಸುತ್ತ, ಗಂಟಲಲ್ಲಿ ಒಂದು ಭಾಷಣ ಸಿದ್ಧಮಾಡಿಕೊಳ್ಳುತ್ತಿದ್ದರು. ಮಂಚದಡಿಯ ಆ ಬಾಟಲಿಯನ್ನು ಇವತ್ತು ನಾವೇ ಕುಡಿಯೋಣ ಎಂದು ಅವರು ಅಂದದ್ದೇ ತಡ, ತರಲು ಅಕ್ಕನೇ ಒಳಗೆ ಹೋದಳು. ತಳದಲ್ಲಿ ಗಷ್ಟು ಕಂಡಳು. "ಕುಲುಕಿ ಕುಡೀರಿ" ಎಂದು ಊರಿಗೆಲ್ಲ ಹೇಳಿ ಪಳಗಿದವಳ ಕೈ ಸುಮ್ಮನಿದ್ದೀತೆ? ಬಿರಡೆಗೆ ಹೆಬ್ಬೆರಳೊತ್ತಿ, ಗಂಡನ ವೈನ್ ಚೆನ್ನಾಗಿ ಬೆರೆಯಲೆಂದು, ಪಾಪ, ದಾರಿಯುದ್ದಕ್ಕೂ ಕುಲುಕಿಕೊಂಡೇ ಬಂದಳು.

ನನಗೆ ಲಾರಿ ಓಡಿಸುವವನ ನೆನಪಾಯಿತು. ಭಾವ ಮಾತ್ರ ಬಾಟಲಿಯನ್ನು ಮೆಲ್ಲಗೆ ಇಸಿದುಕೊಂಡು ಮೇಜಿನ ಮೇಲಿಟ್ಟು, ಬಿರಡೆ ತೆಗೆಯುವ ತಿರುಪು ಹೋಟೆಲಿನಲ್ಲೇ ಉಳಿಯಿತು, ಇನ್ನೊಂದು ದಿನ ನೋಡೋಣ ಎಂದರು.

"ಜೇಬಿಂದ ಇಣುಕ್ತಿರೋದೇನು ಮತ್ತೆ?" ಎಂದಳು ಅಕ್ಕ.

ಭಾವ ಜೇಬು ಮುಟ್ಟಿಕೊಂಡರು. ನಿಜ ಹೇಳಲೇಬೇಕಾಯಿತು: ಯಾವ ವರ್ಷದ್ದು, ಯಾರಿಗಾಗಿ ಇಟ್ಟದ್ದು, ಯಾಕೆ ಅಲುಗಬಾರದು.

"ಇಷ್ಟು ವರ್ಷದಲ್ಲಿ ಒಂದ್ಸಲ ಬಾಯಿಬಿಡಬಾರ್ದಿತ್ತಾ?"

"ಹೇಳಿದ್ರೆ ನೀನು ನಗ್ತಿದ್ದೆ."

ಅಕ್ಕ ನಗಲಿಲ್ಲ. ಅದು ಮತ್ತೆ ತಿಳಿಯಾದೀತೇ ಎಂದು ಕೇಳಿದಳು. ಒಂದು ವಾರ ಯಾರೂ ಮುಟ್ಟದಿದ್ದರೆ ಆಗುತ್ತದೆ ಎಂದರು ಭಾವ.

ಮರುದಿನದಿಂದ ಅಕ್ಕನೇ ಕಾವಲು. ಮಿಕ್ಸಿ ಬಂದ್. ಬಾಗಿಲು ಧಡಾರೆಂದು ಹಾಕಿದವರಿಗೆ ಮಂಗಳಾರತಿ. ಆ ವಾರ ಅಲ್ಲೇ ಉಳಿದ ನನಗೆ ಸೀನು ಬಂದರೆ ಹಿತ್ತಲಿಗೆ ಹೋಗಬೇಕೆಂದು ಅಪ್ಪಣೆಯಾಯಿತು. ಭಾವ ಹೋಟೆಲಿನಿಂದ ಬರುತ್ತಲೇ ವರದಿ: ಇವತ್ತು ಎರಡು ಬೆರಳಷ್ಟು ತಿಳಿಯಾಗಿದೆ, ನಾಳೆಗೆ ಇನ್ನೂ ಆಗಬಹುದು.

ಎಂಟನೆಯ ದಿನ ಭಾವ ಬಾಟಲಿಯ ಕತ್ತಿನ ಹಿಂದೆ ಮೋಂಬತ್ತಿಯಿಟ್ಟು, ಗಷ್ಟು ಕಾಣಿಸುವವರೆಗೆ ಹೂಜಿಗೆ ಬಗ್ಗಿಸಿದರು. ಭಾಷಣ ಮರೆತೇಹೋಗಿತ್ತು. ಅಕ್ಕ ಮೂಸಿದಳು, ಗುಟುಕರಿಸಿದಳು, ಮುಖ ಕಿವುಚಿದಳು.

"ಡಾಂಬರು ಸಿಕ್ತು. ಗುಲಾಬಿ ಎಲ್ರೀ?"

"ಅದಕ್ಕೆ ಗಾಳಿ ತಾಗಬೇಕು. ಸ್ವಲ್ಪ ಕಾಯಬೇಕಾಗುತ್ತೆ."

ಅಕ್ಕ ಕುರ್ಚಿಯನ್ನು ಸದ್ದಾಗದಂತೆ ಎತ್ತಿ ಭಾವನ ಪಕ್ಕಕ್ಕೆ ಹಾಕಿಕೊಂಡಳು. "ಕಾಯ್ತೀನಿ ಬಿಡಿ. ಕಾಯೋದು ಎಂಥ ಕೆಲಸ ಅಂತ ಈ ವಾರ ಗೊತ್ತಾಯ್ತು."

ಭಾವ ತಮ್ಮ ಲೋಟದಿಂದ ಒಂದು ಗುಟುಕು ತೆಗೆದುಕೊಂಡರು. ಅಭ್ಯಾಸದಂತೆ ಮುಕ್ಕಳಿಸಿದರು. ಉಗಿಯಲಿಲ್ಲ.